ಸಹಾಯ ಬೇಕು: ದೇವರಕಾಡಿಗೆ ವಿದೇಶಿ ದೇಣಿಗೆ ತರಿಸುವುದು ಹೇಗೆ?

ನಮಸ್ಕಾರ. ನಾವು ವಿರಾಜಪೇಟೆ ಕಡೆಯವರು. ಊರಿನ ದೇವರಕಾಡು ಉಳಿಸಲು ಹೋದ ವರ್ಷ ಟ್ರಸ್ಟ್ ಮಾಡಿದ್ದೇವೆ. ಕಾಫಿ ತೋಟದ ಅಂಚಿನಲ್ಲಿ ಲಂಟಾನ ಎದೆಮಟ್ಟಕ್ಕೆ ಬೆಳೆದು ಧೂಪದ ಸಸಿಗಳಿಗೆ ಬೆಳಕೇ ಸಿಗುತ್ತಿಲ್ಲ, ನೋಡಿದರೆ ಸಂಕಟ ಆಗುತ್ತೆ. ಊರಿನ ಚಂದಾ ಸಾಲದು.

ಮಳೆಕಾಡಿಗೆ ಹಣ ಕೊಡುವ ಬ್ರಿಟನ್ನಿನ ಒಂದು ಸಂಸ್ಥೆ ಒಪ್ಪಿದೆ. ಆದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಗೆ ಟ್ರಸ್ಟ್‌ಗೆ 3 ವರ್ಷ ಆಗಿರಬೇಕು. ನೋಂದಣಿ ಇರುವ ಹಳೇ ಟ್ರಸ್ಟ್ ಮೂಲಕ ತರಿಸೋಣ ಅಂದರೆ, 2020ರ ತಿದ್ದುಪಡಿ ಪ್ರಕಾರ ಅವರು ಆ ಹಣವನ್ನು ನಮಗೆ ವರ್ಗಾಯಿಸುವಂತಿಲ್ಲ. ಆಡಿಟರ್‌ಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗೊತ್ತಿದ್ದವರು ದಯವಿಟ್ಟು ಹೇಳಿ: ಈ ಒಂದು ದೇಣಿಗೆಗೆ ಮಾತ್ರ ಕೇಂದ್ರದ ಪೂರ್ವಾನುಮತಿಗೆ ಅರ್ಜಿ ಹಾಕುವುದು ಒಳ್ಳೆಯದಾ? ಅಥವಾ ಹಳೇ ಟ್ರಸ್ಟೇ ನೇರವಾಗಿ ನಮ್ಮ ಕಾಡಿನ ಕೂಲಿ, ಸಸಿಗೆ ಖರ್ಚು ಮಾಡಿದರೆ ನಡೆಯುತ್ತಾ?