ಅರವತ್ತು ದಾಟಿದವರಿಗೆ ಯಾವ ನಾಯಿ ಸರಿ? ಸಾಕಿದವರು ಹೇಳಿ

ನಮಸ್ಕಾರ. ನನಗೆ 68, ಯಜಮಾನರಿಗೆ 73. ಮೈಸೂರಿನಲ್ಲಿ ಇಬ್ಬರೇ ಇದ್ದೇವೆ. ನನಗೆ ಮಂಡಿನೋವು, ಅವರು ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಹಳೆಯ ನಾಯಿ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ. ಮಗ ಲ್ಯಾಬ್ರಡಾರ್ ಮರಿ ತಂದುಕೊಡುತ್ತೇನೆ ಅನ್ನುತ್ತಾನೆ. ನಮ್ಮ ಕೈಲಿ ಆಗುತ್ತಾ?

ಬೆಂಗಳೂರಿನಿಂದ:
ಲ್ಯಾಬ್ ಬೇಡ ಆಂಟಿ. ಗುಣದಲ್ಲಿ ಚಿನ್ನ, ಆದರೆ ಬೆಳೆದರೆ 30 ಕೆ.ಜಿ. ಆಸುಪಾಸು. ಎದುರಿಗೆ ಬೆಕ್ಕು ಕಂಡರೆ ಚೈನು ಹಿಡಿದವರೂ ಜೊತೆಗೆ ಓಡಬೇಕು. ನಾಯಿಗೇ ವಯಸ್ಸಾಗಿ ಹಿಂಗಾಲು ಸೋತಾಗ ಎತ್ತಿ ಆಟೋಗೆ ಹಾಕುವವರು ಯಾರು?

ಶಿವಮೊಗ್ಗದಿಂದ:
ಯಾವ ಜಾತಿ ಅನ್ನುವುದಕ್ಕಿಂತ ಮೊದಲು, ಮರಿ ಬೇಡ. ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುರಾತ್ರಿ ಎದ್ದು ಹೊರಗೆ ಬಿಡುವುದು, ನೆಲದ ಮೇಲಿನ ಉಚ್ಚೆ ಒರೆಸುವುದು. ಮಂಡಿನೋವಿನವರು ಅದರ ಮೇಲೆ ಜಾರಿದರೆ ಕಥೆ ಮುಗಿಯಿತು. ಹಲ್ಲು ಬರುವಾಗ ಸಿಕ್ಕಿದ್ದೆಲ್ಲ ಕಚ್ಚುತ್ತದೆ. ನಾಯಿ 12-15 ವರ್ಷ ಬದುಕುತ್ತದೆ ಅನ್ನುವ ಲೆಕ್ಕವೂ ಇದೆಯಲ್ವಾ?

ನಮ್ಮಮ್ಮ ಆಶ್ರಯಧಾಮದಿಂದ ಆರು ವರ್ಷದ ನಾಟಿ ಹೆಣ್ಣುನಾಯಿ ತಂದರು. ಮರಿ ಆಗದ ಹಾಗೆ ಆಪರೇಷನ್ ಆಗಿತ್ತು, ಲಸಿಕೆ ಹಾಕಿತ್ತು. ಬೆಳೆದ ನಾಯಿಯ ಗುಣ ಕಣ್ಣೆದುರಿಗೇ ಇರುತ್ತದೆ. ಅಮ್ಮ ಅಲ್ಲಿಯೇ ಚೈನು ಹಿಡಿದು ನಡೆದು ನೋಡಿದರು. ಮೊದಲು ತೋರಿಸಿದ ಗಂಡುನಾಯಿ ಜಗ್ಗಿತು. ಇದು ಅಮ್ಮ ನಿಂತಾಗ ನಿಂತು, ಮೂತಿ ಎತ್ತಿ ಮುಖ ನೋಡಿತು. ಅಲ್ಲಿಗೆ ಮಾತು ಮುಗಿಯಿತು. ನೀವೂ ಹಾಗೇ ಮಾಡಿ. ತಟ್ಟೆ ಬೀಳಿಸಿದರೆ ಬೆಚ್ಚುತ್ತದಾ, ಮೈ ಮುಟ್ಟಲು ಬಿಡುತ್ತದಾ, ಎಲ್ಲ ನೋಡಿ. ಮೊದಲು ಹದಿನೈದು ದಿನ ಇಟ್ಟುಕೊಂಡು ನೋಡುತ್ತೇವೆ ಅಂತಲೂ ಕೇಳಿ. ಕೆಲವು ಕಡೆ ಒಪ್ಪುತ್ತಾರೆ.

ಬಾಗಲಕೋಟೆಯಿಂದ:
ಯಾರಾದರೂ ಮುಧೋಳ ನಾಯಿ ಅಂದರೆ ಹೂಂ ಅನ್ನಬೇಡಿ ಅಕ್ಕಾರ. ನಮ್ಮ ಹೆಮ್ಮೆ ಖರೆ, ಆದರೆ ಅದು ಮೊಲದ ಹಿಂದೆ ಬಿಡುವ ಬೇಟೆ ನಾಯಿ. ಹೊಲ ಇದ್ದವರಿಗೆ ಸರಿ.

ಮಂಗಳೂರಿನಿಂದ:
ಪಗ್ ಕೂಡ ಬೇಡ. ಚಪ್ಪಟೆ ಮೂಗು, ಸೆಕೆಗೆ ಉಸಿರಾಡಲು ಒದ್ದಾಡುತ್ತದೆ. ನಮ್ಮದು ಏಪ್ರಿಲ್, ಮೇನಲ್ಲಿ ಫ್ಯಾನಿನ ಕೆಳಗಿಂದ ಏಳುವುದೇ ಇಲ್ಲ.

ಹಾಸನದಿಂದ:
ಪಾಮೇರಿಯನ್ ಬೊಗಳುತ್ತದೆ ಅಂತ ದೂರುತ್ತಾರೆ. ಇಬ್ಬರೇ ಇರುವ ಮನೆಗೆ ಬೊಗಳಿದರೇ ಒಳ್ಳೆಯದು. ಮಡಿಲಲ್ಲಿ ಎತ್ತಿಕೊಳ್ಳಬಹುದು. ಕೂದಲು ಬಾಚುವುದು ಮಾತ್ರ ತಪ್ಪುವುದಿಲ್ಲ, ಬೆರಳು ನೋವಿದ್ದರೆ ಕಷ್ಟ.

ಶಿವಮೊಗ್ಗದಿಂದ:
ಪಾಮೇರಿಯನ್ ಕಾಲಡಿಗೆ ಬರುತ್ತದೆ, ನಾನು ಒಪ್ಪಲ್ಲ. ಕತ್ತಲಲ್ಲಿ ಬಾತ್‌ರೂಮಿಗೆ ಏಳುವವರಿಗೆ ಮಧ್ಯಮ ಗಾತ್ರದ್ದೇ ಮೇಲು, ಕಣ್ಣಿಗೆ ಕಾಣುತ್ತದೆ.

ತುಮಕೂರಿನಿಂದ, ನಿವೃತ್ತ ಪಶುವೈದ್ಯ:
ಯಜಮಾನರ ಮಾತ್ರೆಯ ವಿಷಯ ಯಾರೂ ಎತ್ತಲಿಲ್ಲ. ಆ ಮಾತ್ರೆ ತಿನ್ನುವವರಿಗೆ ಉಗುರು ಗೀರಿದರೂ ರಕ್ತ ಬೇಗ ನಿಲ್ಲುವುದಿಲ್ಲ. ಮೈಮೇಲೆ ಹಾರುವ ನಾಯಿ ಬೇಡವೇ ಬೇಡ. ಉಗುರು ಕತ್ತರಿಸುತ್ತಿರಿ. ಚೈನು ಅಂಗೈಗೆ ಸುತ್ತಿಕೊಳ್ಳಬೇಡಿ, ನಾಯಿ ಜಗ್ಗಿದರೆ ನೀವೂ ಬೀಳುತ್ತೀರಿ. ಕುತ್ತಿಗೆ ಬೆಲ್ಟಿನ ಬದಲು ಎದೆಪಟ್ಟಿ ಹಾಕಿ. ರೇಬೀಸ್ ಲಸಿಕೆ ವರ್ಷವರ್ಷ ತಪ್ಪಿಸಬೇಡಿ. ರಕ್ತ ಹೀರುವ ಉಣ್ಣಿ ಹುಳ ಕಚ್ಚಿ ಬರುವ ಜ್ವರ ನಮ್ಮ ಕಡೆ ಜಾಸ್ತಿ, ಉಣ್ಣಿ ಇದೆಯಾ ಅಂತ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ನೋಡುತ್ತಿರಿ. ಇನ್ನೊಂದು: ನೀವು ಆಸ್ಪತ್ರೆ ಸೇರಿದರೆ ನಾಯಿ ಯಾರ ಮನೆಯಲ್ಲಿ ಇರುತ್ತದೆ ಅಂತ ಈಗಲೇ ಮಗನ ಹತ್ತಿರ ಮಾತಾಡಿಕೊಳ್ಳಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಮಗನಿಗೆ ಓದಿಸಿದೆ, ಮರಿ ಬೇಡ ಅಂತಾಯಿತು. ಮುಂದಿನ ವಾರ ಆಶ್ರಯಧಾಮಕ್ಕೆ ಕರೆದುಕೊಂಡು ಹೋಗುತ್ತಾನಂತೆ. ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮೊಸರನ್ನ ತಿಂದುಕೊಂಡು ಇರುತ್ತದಾ?

ತುಮಕೂರಿನಿಂದ:
ಬರೀ ಮೊಸರನ್ನ ಸಾಲದಮ್ಮ. ಪ್ಯಾಕೆಟ್ ಆಹಾರ ಹಾಕಿ, ಮೇಲೆ ಒಂದು ತುತ್ತು ಮೊಸರನ್ನ ಕೊಡಿ. ಸಾರನ್ನ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ಆಗಲ್ಲ. ದ್ರಾಕ್ಷಿ, ಒಣದ್ರಾಕ್ಷಿಯಂತೂ ವಿಷ. ಹಬ್ಬದ ದಿನ ಪಾಯಸದ ಬಟ್ಟಲು ಮೇಲಿಡಿ.