ವಾರ್ಡ್ ಡ್ಯೂಟಿ ಮತ್ತು ಸೊಂಟ ನೋವು: ಬೆಲ್ಟ್ ತಗೊಂಡರೆ ಸಾಕಾ?

ವಿಜಯಪುರ_ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ಇಲ್ಲಿಯ ಒಂದು ಖಾಸಗಿ ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಇದ್ದೇನೆ. ಪಾರ್ಶ್ವವಾಯು ಪೇಷಂಟ್ ಜಾಸ್ತಿ, ಬೆಡ್‌ಸೋರ್ (ಮಲಗಿದ ಕಡೆಯೇ ಒತ್ತಿ ಆಗುವ ಹುಣ್ಣು) ಆಗಬಾರದು ಅಂತ ಎರಡು ತಾಸಿಗೊಮ್ಮೆ ಮಗ್ಗಲು ತಿರುಗಿಸಬೇಕು, ಆದರೆ ರಾತ್ರಿ ಪಾಳಿಯಲ್ಲಿ ನಾವು ಇಬ್ಬರೇ, ಒಬ್ಬರು ಇಂಜೆಕ್ಷನ್ ಕೊಡಲು ಹೋದರೆ ಇನ್ನೊಬ್ಬರು ಒಂಟಿಯಾಗಿಯೇ ಎಳೆಯಬೇಕು. ಕಾಟ್‌ಗೆ ತಲೆ ಕಡೆ, ಮೊಣಕಾಲು ಕಡೆ ಎತ್ತುವ ಹ್ಯಾಂಡಲ್ ಇದೆ. ಇಡೀ ಕಾಟ್ ಮೇಲೆ ಏರುವುದಿಲ್ಲ. ಬೆಳಿಗ್ಗೆ ಮನೆಗೆ ಬಂದರೆ ಸೊಂಟ ಹಿಡಿದಿರುತ್ತದೆ. ಬೆಲ್ಟ್ ಹಾಕಿಕೋ ಅಂತ ಎಲ್ಲರೂ ಹೇಳುತ್ತಾರೆ. ಇನ್ನೊಂದು, ಎಂ.ಎಸ್ಸಿ. ಹುಡುಗಿಯೊಬ್ಬಳು ಪ್ರಾಜೆಕ್ಟಿಗೆ ಅಂತ ಕೆಲಸದ ಸಾಮರ್ಥ್ಯದ ಫಾರ್ಮ್ ತುಂಬಿಸಿದಳು, ನನಗೆ 29 ಬಂತು. ಅಂದರೆ ಕೆಲಸಕ್ಕೆ ನಾಲಾಯಕ್ ಅಂತಾನಾ?

ಫಿಜಿಯೋ_ಬೆಳಗಾವಿ:
ಬೆಲ್ಟ್ ವಿಷಯ ಮೊದಲು. ನೋವಿಲ್ಲದವರಿಗೆ ಅದು ಸೊಂಟ ಕಾಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ, ಮೇಲಾಗಿ ಬೆಲ್ಟ್ ಇದೆಯಲ್ಲ ಅಂತ ಇನ್ನೂ ಭಾರ ಎತ್ತುವವರನ್ನು ನೋಡಿದ್ದೇನೆ. ಪೇಷಂಟನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆಜಿಗಿಂತ ಹೆಚ್ಚು ಭಾರ ಬೀಳಬಾರದು ಅನ್ನುವ ಲೆಕ್ಕ ಅಮೆರಿಕದಲ್ಲಿದೆ, ಅದೂ ಪೇಷಂಟ್ ಒದ್ದಾಡದೆ ಸುಮ್ಮನಿದ್ದಾಗ. 70 ಕೆಜಿ ಇದ್ದವರ ಒಂದು ಕಾಲೇ 11 ಕೆಜಿ ಹತ್ತಿರ ಇರುತ್ತದೆ. ಉಳಿದದ್ದು ನೀವೇ ಯೋಚಿಸಿ.

ಎತ್ತಲೇ ಬೇಡಿ, ಸರಿಸಿ. ಭುಜದಿಂದ ತೊಡೆವರೆಗೆ ಡ್ರಾ ಶೀಟ್ (ಪೇಷಂಟಿನ ಅಡಿಗೆ ಅಡ್ಡಲಾಗಿ ಹಾಕುವ ಬಟ್ಟೆ) ಹಾಸಿ, ಅಂಚನ್ನು ಪೇಷಂಟಿನ ಮೈಗೆ ಹತ್ತಿರ ಸುರುಳಿ ಸುತ್ತಿ ಹಿಡಿಯಿರಿ. ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು, ಕೈಬಲ ಹಾಕದೆ ಮೈಭಾರವನ್ನು ಹಿಂದಿನ ಕಾಲಿಗೆ ತಂದು ಎಳೆಯಿರಿ. ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಕಾಟ್ ಏರದಿದ್ದರೆ ಒಂದು ಮೊಣಕಾಲನ್ನು ಹಾಸಿಗೆ ಮೇಲಿಟ್ಟರೆ ಬಗ್ಗುವುದು ಕಡಿಮೆಯಾಗುತ್ತದೆ. ಕಾಲಿಗೆ ಜೋಮು ಇಳಿದರೆ, ಪಾದ ಎತ್ತಲು ಆಗದಿದ್ದರೆ, ಮೂತ್ರ ಹಿಡಿತ ತಪ್ಪಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಬಾಗಲಕೋಟೆ_ಅಕ್ಕ:
ಫಿಜಿಯೋ ಸರ್ ಹೇಳಿದ್ದು ಸರಿ, ಆದರೆ ಡ್ರಾ ಶೀಟಿನ ಇನ್ನೊಂದು ತುದಿ ಹಿಡಿಯುವವರು ಯಾರು? ನರ್ಸಿನ ನಿಲುವು ತಪ್ಪು ಅಂತ ಟ್ರೇನಿಂಗ್ ಕೊಟ್ಟು ಕೈ ತೊಳೆದುಕೊಳ್ಳುವುದು ನೋಡಿ ನೋಡಿ ಸಾಕಾಗಿದೆ. ತಂಗೀ, ಇನ್‌ಚಾರ್ಜ್ ಸಿಸ್ಟರ್‌ಗೆ ಬರೆದು ಕೊಡು, ಬಾಯಿಮಾತಲ್ಲಿ ಬೇಡ. ಎಷ್ಟು ಪೇಷಂಟಿಗೆ ಇಬ್ಬರು ಬೇಕು, ಯಾವ ಹೊತ್ತಿಗೆ, ಅಷ್ಟೇ ಬರೆ. ಮಗ್ಗಲು ತಿರುಗಿಸುವ ಹೊತ್ತಿಗೆ ಔಷಧಿ ಸರದಿ ಬೀಳದ ಹಾಗೆ ಅರ್ಧ ತಾಸು ಆಚೆ ಈಚೆ ಮಾಡಿಕೊಂಡರೆ ಇಬ್ಬರೂ ಸಿಗುತ್ತೀರಿ. ಭಾರದ ಪೇಷಂಟಿಗೆ ವಾರ್ಡ್ ಬಾಯ್‌ನ ಕರೆ, ಸಂಕೋಚ ಯಾಕೆ?

ಆ 29ಕ್ಕೆ ಹೆದರಬೇಡ. ಅದು ಫಿನ್ಲೆಂಡಿನವರು 1980ರ ದಶಕದಲ್ಲಿ ಮಾಡಿದ ಅಳತೆ, 7ರಿಂದ 49ರವರೆಗೆ ಅಂಕ. 28ರಿಂದ 36 ಅಂದರೆ ಮಧ್ಯಮ, ಸುಧಾರಿಸಲು ನೆರವು ಬೇಕು ಅಂತ. ಮನುಷ್ಯರನ್ನು ತೆಗೆದುಹಾಕಲು ಮಾಡಿದ್ದಲ್ಲ.

ವಿಜಯಪುರ_ಸಿಸ್ಟರ್:
ಥ್ಯಾಂಕ್ಸ್ ಅಕ್ಕಾ, ಸರ್. ಹಾಗಾದರೆ ಪತ್ರದ ಜೊತೆ ಆ ಫಾರ್ಮ್ ಲಗತ್ತಿಸಲಾ?

ಬಾಗಲಕೋಟೆ_ಅಕ್ಕ:
ಬೇಡ ಮಾರಾಯ್ತಿ! ಅದರಲ್ಲಿ ನಿನ್ನ ಕಾಯಿಲೆ, ರಜೆ ಎಲ್ಲ ಇರುತ್ತದೆ, ಅದು ನಿನ್ನ ಹತ್ತಿರವೇ ಇರಲಿ. ಪೇಷಂಟ್ ಲೆಕ್ಕ ಮಾತ್ರ ಕೊಡು, ನಿನ್ನ ಜೊತೆ ರಾತ್ರಿ ಪಾಳಿ ಮಾಡುವವರ ಸಹಿಯನ್ನೂ ಹಾಕಿಸು.

ಫಿಜಿಯೋ_ಬೆಳಗಾವಿ:
ಪತ್ರದಲ್ಲಿ ನೈಲಾನ್ ಸ್ಲೈಡ್ ಶೀಟನ್ನೂ ಕೇಳಿ. ಜಾರುವ ಬಟ್ಟೆ ಅದು, ಪೇಷಂಟನ್ನು ತಲೆ ಕಡೆ ಸರಿಸುವಾಗ ಘರ್ಷಣೆ ಕಡಿಮೆ ಮಾಡುತ್ತದೆ. ಕೆಲಸ ಮುಗಿದ ಮೇಲೆ ಅಡಿಯಿಂದ ತೆಗೆದುಬಿಡಿ, ಇಲ್ಲಾಂದ್ರೆ ಪೇಷಂಟ್ ಕೆಳಗೆ ಜಾರುತ್ತಾರೆ.