ಸುರೇಶ ಕಾಕಾ ಕಳಿಸಿದ ವಿಡಿಯೊ

ಗುಂಪು: ಗದಗಿನ ಮನೆಮಂದಿ

ಸುರೇಶ ಕಾಕಾ: ವೀಣಾ, ಈ ವಿಡಿಯೊ ಪೂರ್ತಿ ನೋಡವ್ವಾ. ಬೋನ್ ಮ್ಯಾರೋ ಕಸಿ ಹಳೇದಾಯ್ತಂತೆ, ಈಗ ಸ್ಟೆಮ್ ಸೆಲ್. ನಿನ್ನ ರುಮಟಾಯ್ಡ್ ಕೀಲುವಾತಕ್ಕೆ ನಾಲ್ಕು ಇಂಜೆಕ್ಷನ್, ಅದೇ ದಿನ ಮನೆಗೆ.

ಪಲ್ಲವಿ: ಕಾಕಾ, ಹಳೇದು ಹೊಸದು ಅಂತ ಎರಡಿಲ್ಲರಿ. ಬೋನ್ ಮ್ಯಾರೋ ಅಂದರೆ ಎಲುಬಿನ ಮಜ್ಜೆ, ಅದರಲ್ಲಿ ಇರುವುದೇ ರಕ್ತದ ಸ್ಟೆಮ್ ಸೆಲ್, ಅಂದರೆ ರಕ್ತ ಹುಟ್ಟಿಸುವ ಮೂಲ ಕೋಶ. ಮೊದಲು ಸೊಂಟದ ಎಲುಬಿಗೆ ಸೂಜಿ ಹಾಕಿ ತೆಗೆಯುತ್ತಿದ್ದರು. ಈಗ ಜಾಸ್ತಿ ಕಡೆ ಕೆಲವು ದಿನ ಜಿ-ಸಿಎಸ್‌ಎಫ್ ಅಂತ, ಈ ಕೋಶಗಳನ್ನು ಮಜ್ಜೆಯಿಂದ ಹೊರಡಿಸುವ ಇಂಜೆಕ್ಷನ್ ಕೊಡುತ್ತಾರೆ. ಕೋಶಗಳು ರಕ್ತಕ್ಕೆ ಇಳಿದ ಮೇಲೆ ಮಷೀನಿನಲ್ಲಿ ಬೇರ್ಪಡಿಸಿಕೊಳ್ಳುತ್ತಾರೆ.

ಮಂಜು: ಎಂಎಸ್, ಅದೇ ನರಗಳ ಮಲ್ಟಿಪಲ್ ಸ್ಕ್ಲೀರೋಸಿಸ್ ರೋಗ, ಇದ್ದವರಿಗೆ ಸ್ಟೆಮ್ ಸೆಲ್‌ನಿಂದ ಗುಣ ಕಂಡಿದೆ ಅಂತ ನಾನೂ ಓದಿದ್ದೇನಲ್ಲ. ಅದೂ ಸುಳ್ಳಾ?

ಪಲ್ಲವಿ: ಅದು ಸುಳ್ಳಲ್ಲ. 2019ರಲ್ಲಿ ಮಿಸ್ಟ್ ಪ್ರಯೋಗದ ಫಲಿತಾಂಶ ಬಂತು. 110 ಎಂಎಸ್ ರೋಗಿಗಳು. ಸ್ವಂತ ಸ್ಟೆಮ್ ಸೆಲ್ ಕಸಿ ಆದವರಲ್ಲಿ 3 ಜನರಿಗೆ ರೋಗ ಮುಂದುವರಿಯಿತು, ಔಷಧಿ ಗುಂಪಿನಲ್ಲಿ 34 ಜನರಿಗೆ. ಆದರೆ ರೋಗ ಹತ್ತಿಕ್ಕಿದ್ದು ಮುಖ್ಯವಾಗಿ ಕಸಿಗೆ ಮುಂಚೆ ಕೊಟ್ಟ ಸೈಕ್ಲೋಫಾಸ್ಫಮೈಡ್ ಅನ್ನುವ ಕೀಮೋ ಮತ್ತು ಎಟಿಜಿ. ಮೈಮೇಲೇ ತಿರುಗಿಬಿದ್ದ ರಕ್ಷಣಾ ಕೋಶಗಳನ್ನು ಅಳಿಸುವ ಔಷಧಿಗಳು ಅವು. ಕಳೆ ಹತ್ತಿದ ಹೊಲ ಹರಗಿ, ತೆಗೆದಿಟ್ಟ ಬೀಜ ಬಿತ್ತಿದ ಹಾಗೆ. ಸ್ಟೆಮ್ ಸೆಲ್ ಬರೀ ಬೀಜ.

ಸುರೇಶ ಕಾಕಾ: ಹೊಲದ ಮಾತು ನಮಗೇ ಹೇಳಿಕೊಡ್ತೀಯಾ 😀 ಈ ವಿಡಿಯೊದವರು ಕೀಮೋನೇ ಬೇಡ ಅಂತಾರೆ.

ಪಲ್ಲವಿ: ಹಾಗಾದರೆ ಅದು ಬೇರೆಯದೇ. ಕೊಬ್ಬಿನಿಂದಲೋ ಹೊಕ್ಕುಳಬಳ್ಳಿಯಿಂದಲೋ ತೆಗೆದ ಮೀಸೆಂಕೈಮಲ್ ಕೋಶ ಇರಬೇಕು. ಅದರಿಂದ ರಕ್ತ ಹುಟ್ಟುವುದಿಲ್ಲ. ಕೀಲುವಾತಕ್ಕೆ ಅದಿನ್ನೂ ಪ್ರಯೋಗದ ಹಂತದಲ್ಲಿದೆ. ಐಸಿಎಂಆರ್, ಅಂದರೆ ಕೇಂದ್ರ ಸರಕಾರದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಇಂಥದ್ದಕ್ಕೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಅವಕಾಶ. ಅಲ್ಲಿ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಇವರ ರೇಟ್ ಕಾರ್ಡ್ ವಿಡಿಯೊದಲ್ಲೇ ಇದೆ, ನೋಡಿದಿರಾ?

ಶಾಂತಾ ಅತ್ತಿ: ಅವಳ ತಮ್ಮನ ಮಜ್ಜೆ ಹಾಕಿದರೆ ಆಗಲ್ವಾ? ಮಂಜು ಗಟ್ಟಿಮುಟ್ಟಾಗಿದ್ದಾನೆ.

ಮಂಜು: ನಾನು ರೆಡಿ.

ಪಲ್ಲವಿ: ಬೇಡ ಅತ್ತಿ. ದಾನಿಯ ಕೋಶ ರೋಗಿಯ ಮೈಯನ್ನೇ ವೈರಿ ಅಂತ ತಿಳಿದು ಚರ್ಮ, ಲಿವರ್, ಕರುಳಿನ ಮೇಲೆ ಬೀಳಬಹುದು. ಬ್ಲಡ್ ಕ್ಯಾನ್ಸರಿಗೆ, ಥಲಸ್ಸೀಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ರೋಗಕ್ಕೆ ಆ ಗಂಡಾಂತರ ಹೊರುತ್ತಾರೆ. ಆಟೋಇಮ್ಯೂನ್ ರೋಗಕ್ಕೆ, ಅಂದರೆ ಮೈಯ ರಕ್ಷಣಾ ಕೋಶ ಮೈಮೇಲೇ ಬೀಳುವ ಎಂಎಸ್, ಕೀಲುವಾತದಂಥದ್ದಕ್ಕೆ, ಸಾಮಾನ್ಯವಾಗಿ ಸ್ವಂತದ್ದೇ. ಅದೂ ಸಲೀಸಲ್ಲ. ಚರ್ಮ ಗಡುಸಾಗುವ ಸ್ಕ್ಲೀರೋಡರ್ಮಾ ರೋಗದ ಮೇಲೆ ಆಸ್ಟಿಸ್ ಅಂತ ಪ್ರಯೋಗ ಆಗಿತ್ತು, 2014ರಲ್ಲಿ ವರದಿ ಬಂತು. ಕಸಿ ಗುಂಪಿನ 79 ಜನರಲ್ಲಿ 8 ಜನ ಮೊದಲ ವರ್ಷದಲ್ಲೇ ಚಿಕಿತ್ಸೆಯಿಂದಾಗಿ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಅದೇ ಗುಂಪಿನವರು ಹೆಚ್ಚು ಬದುಕಿದರು, ಅದೂ ನಿಜ.

ಮಂಜು: ಹತ್ತರಲ್ಲಿ ಒಬ್ಬರು!

ಸುರೇಶ ಕಾಕಾ: ಹಾಗಂತ ಹುಡುಗಿ ಸುಮ್ನೆ ನರಳುತ್ತಾ ಕೂಡಬೇಕಾ?

ವೀಣಾ: ಕಾಕಾ, ನಾನೂ ಇದೇ ಗುಂಪಿನಲ್ಲಿದ್ದೇನೆ ರೀ. ಹೋದ ವರ್ಷ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ನಲ್ಲಿ ತಿರುಗಿಸಲೂ ಅವ್ವ ಬೇಕಿತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಗುಳಿಗೆ ಶುರುವಾದ ಮೇಲೆ ಈಗ ರೊಟ್ಟಿ ಬಡಿಯುತ್ತೇನೆ. ಎಲ್ಲಾ ದಿನ ಅಲ್ಲ. ಇದು ಸಾಲದಿದ್ದರೆ ಬಯಾಲಜಿಕ್ ಅಂತ, ಜೀವಕೋಶಗಳಲ್ಲಿ ತಯಾರಿಸಿದ ಔಷಧಿಯ ಇಂಜೆಕ್ಷನ್ ಇವೆ ಅಂತ ಡಾಕ್ಟರು ಹೇಳಿದ್ದಾರೆ. ಕಸಿಯ ಮಾತೇ ಬಂದಿಲ್ಲ. ನೀವು ಅಡ್ವಾನ್ಸ್ ಕಟ್ಟಿಬಿಟ್ಟಿರಾ?

ಸುರೇಶ ಕಾಕಾ: ಇನ್ನೂ ಇಲ್ಲ. ಶುಕ್ರವಾರ ಹುಬ್ಬಳ್ಳಿಗೆ ಬಾ ಅಂದಿದ್ದಾರೆ. ಹೋಗಿ ಮಾತಾಡಿ ಬರುವುದರಲ್ಲಿ ತಪ್ಪೇನು?

ಪಲ್ಲವಿ: ಹೋಗಿರಿ. ಇದು ಪ್ರಯೋಗ ಅಂತ ಅವರು ಅಂದರೆ, ಸಿಟಿಆರ್‌ಐ, ಅಂದರೆ ದೇಶದ ಔಷಧ ಪ್ರಯೋಗಗಳ ದಾಖಲೆಪಟ್ಟಿಯ ನೋಂದಣಿ ನಂಬರ್ ಕೇಳಿ, ಬರೆಸಿಕೊಂಡು ಬನ್ನಿರಿ. ಕೈಯಲ್ಲಿ ದುಡ್ಡು ಮಾತ್ರ ಒಯ್ಯಬೇಡಿ.

ಶಾಂತಾ ಅತ್ತಿ: ಸುರೇಶಾ, ಹುಬ್ಬಳ್ಳಿಗೆ ಹೋಗುವುದಾದರೆ ನಾನೂ ಬರುತ್ತೇನೆ. ದುರ್ಗದಬೈಲಿನಲ್ಲಿ ಕೆಲಸ ಇದೆ.